ಪದಚರ್ಚೆ: ‘ಸ್ಟೆಲ್ತ್’ಗೆ ಕನ್ನಡದಲ್ಲಿ ಏನೆನ್ನುವುದು? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಬರುವ ವಿಜ್ಞಾನ ಪತ್ರಿಕೆಯೊಂದಕ್ಕೆ ರಷ್ಯಾದ ಸು-57 ಮತ್ತು ಅಮೆರಿಕದ ಎಫ್-22, ಎಫ್-35 ಯುದ್ಧವಿಮಾನಗಳನ್ನು ಹೋಲಿಸುವ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಸು-57, ಎಫ್-35 ಎರಡೂ ಬಂದಿದ್ದವಲ್ಲ, ಅಂದಿನಿಂದ ಮಕ್ಕಳ ಪ್ರಶ್ನೆಗಳು ನಿಂತಿಲ್ಲವಂತೆ. ಲೇಖನದ ಮುಕ್ಕಾಲು ಪಾಲು ‘ಸ್ಟೆಲ್ತ್’, ಅಂದರೆ ರೇಡಾರಿಗೆ ಸುಲಭವಾಗಿ ಸಿಗದಿರುವ ಗುಣದ ಸುತ್ತಲೇ ಇದೆ. ಪುಟ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ನನಗೆ ತೊಡಕಾಗಿರುವುದು ಇಂಥ ವಾಕ್ಯದಲ್ಲಿ: ‘ಎದುರಿನಿಂದ ಸು-57ರ ಸ್ಟೆಲ್ತ್ ಚೆನ್ನಾಗಿಯೇ ಇದೆ, ಹಿಂದಿನಿಂದ ಎಫ್-22ಕ್ಕಿಂತ ಬಹಳ ಕಡಿಮೆ.’ ಪತ್ರಿಕೆಗಳಲ್ಲಿ ‘ಅದೃಶ್ಯ ವಿಮಾನ’ ಎಂದು ಬರೆಯುತ್ತಾರೆ. ‘ಅದೃಶ್ಯತೆ ಬಹಳ ಕಡಿಮೆ’ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ದಯವಿಟ್ಟು ನೆರವಾಗಿ.

— ತುಮಕೂರಿನಿಂದ

*

‘ಅಗೋಚರ’ ಇರುವಾಗ ಬೇರೆ ಹುಡುಕುವುದೇಕೆ? ಗೋಚರವೆಂದರೆ ಮೊದಲಿಗೆ ದನ ಮೇಯುವ ಬಯಲು. ಆಮೇಲೆ ಇಂದ್ರಿಯ ಓಡಾಡುವ ಎಲ್ಲೆ. ಕಣ್ಣಿಗೊಂದು ಗೋಚರ, ಕಿವಿಗೊಂದು ಗೋಚರ, ರೇಡಾರಿಗೊಂದು ಗೋಚರ. ಆ ಎಲ್ಲೆಯ ಹೊರಗುಳಿಯುವುದು ಅಗೋಚರ ವಿಮಾನ. ‘ಅದೃಶ್ಯ’ದಲ್ಲಿರುವುದು ದೃಶ್ ಧಾತು, ಅದು ಕಣ್ಣಿಗೇ ಕಟ್ಟುಬಿದ್ದದ್ದು. ಆದ್ದರಿಂದ ಅದು ಬೇಡ.

— ಶಿರಸಿಯಿಂದ

*

ಸಂಸ್ಕೃತಕ್ಕೆ ಓಡುವ ಮೊದಲು ಮೂಲಪದವನ್ನು ನೋಡಿ. ‘ಸ್ಟೆಲ್ತ್’ ಹುಟ್ಟಿದ್ದು ಇಂಗ್ಲಿಷಿನ ‘ಸ್ಟೀಲ್’, ಅಂದರೆ ಕದಿ ಎಂಬ ಕ್ರಿಯಾಪದದಿಂದ. ನಮ್ಮ ಹಳಗನ್ನಡದ ‘ಕಳ್’ ಅದೇ ಅರ್ಥದ್ದು. ಕಳ್ಳ, ಕಳವು ಎರಡೂ ಅದರ ಮಕ್ಕಳು. ಕಳ್ಳಹೆಜ್ಜೆ, ಕಳ್ಳನೋಟ, ಕಳ್ಳನಿದ್ದೆ ಎಂದು ಮನೆಮನೆಯಲ್ಲೂ ಆಡುತ್ತೇವೆ. ‘ಕಳ್ಳವಿಮಾನ’ ಎನ್ನಲು ನಾಚಿಕೆ ಯಾಕೆ?

— ಧಾರವಾಡದಿಂದ

*

ಧಾರವಾಡದವರೇ, ಕಳ್ಳನೋಟು ಎಂದರೆ ಖೋಟಾ ನೋಟು. ಕಳ್ಳಭಟ್ಟಿ ಎಂದರೆ ಕಾನೂನಿನ ಕಣ್ಣು ತಪ್ಪಿಸಿದ ಭಟ್ಟಿ. ‘ಕಳ್ಳವಿಮಾನ’ ಓದಿದ ಹುಡುಗ ಅದನ್ನು ನಕಲಿ ವಿಮಾನವೆಂದೋ ಯಾರೋ ಕದ್ದು ತಂದದ್ದೆಂದೋ ತಿಳಿಯುತ್ತಾನೆ. ಇಂಗ್ಲಿಷ್ ಪದ ಯಾವ ಹೊಟ್ಟೆಯಲ್ಲಿ ಹುಟ್ಟಿದರೆ ನಮಗೇನು? ಇದನ್ನು ಇಲ್ಲಿಗೇ ಬಿಡೋಣ.

ಶಿರಸಿಯವರ ‘ಎಲ್ಲೆ’ಯ ಮಾತು ನನಗೆ ಹಿಡಿಸಿತು. ಆದರೆ ಹಿಂದೆ ‘ಅ’ ಬಂದು ಕೂತ ಕೂಡಲೇ ಪದ ಹೌದು-ಅಲ್ಲಗಳ ಪದವಾಗಿಬಿಡುತ್ತದೆ. ಸ್ಟೆಲ್ತ್ ಪೂರ್ತಿಯಾಗಿ ಹೆಚ್ಚು-ಕಡಿಮೆಗಳ ಲೆಕ್ಕ. ತುಮಕೂರಿನವರಿಗೆ ಕೈ ಬರದಿರುವುದು ಅದಕ್ಕೇ.

ಮೂವತ್ತು ವರ್ಷ ವಿಮಾನಗಳ ನಡುವೆ ಕೆಲಸ ಮಾಡಿದವನು ನಾನು, ಸ್ವಲ್ಪ ಬಿಡಿಸಿ ಬರೆಯುತ್ತೇನೆ. ರೇಡಾರ್ ಅಲೆಯನ್ನು ಕಳಿಸುತ್ತದೆ, ತಾಗಿ ಮರಳಿದ್ದನ್ನು ಹಿಡಿಯುತ್ತದೆ. ವಿಮಾನದ ಆಕಾರ ಅಲೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ, ಮೈಮೇಲಿನ ಲೇಪ ಒಂದಿಷ್ಟನ್ನು ಹೀರಿಕೊಂಡರೆ, ಮರಳುವ ಪಾಲು ಇಳಿಯುತ್ತದೆ. ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಆ ಪಾಲು 16ರಲ್ಲಿ 1ಕ್ಕೆ ಇಳಿದರೂ ರೇಡಾರಿಗೆ ಸಿಕ್ಕಿಬೀಳುವ ದೂರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ವಿಮಾನ ರೂಪಿಸುವವರು ಇಡೀ ಆಯುಷ್ಯ ಜಗ್ಗಾಡುವುದು ಈ ಲೆಕ್ಕದ ಜೊತೆ.

ಯಲಹಂಕದಲ್ಲಿ ಬೇಲಿಯ ಈಚೆ ನಿಂತು ಸು-57ರ ಬೆನ್ನ ಕಡೆಯನ್ನು ಬಹಳ ಹೊತ್ತು ನೋಡಿದೆ. ಎರಡು ಎಂಜಿನ್‌ಗಳ ಬಾಯಿ ದುಂಡಗೆ, ಲೋಹದ ಪಟ್ಟಿಗಳು ಹೂವಿನ ಎಸಳಿನಂತೆ ಒಂದರ ಮೇಲೊಂದು ಕೂತಿವೆ, ಮುಚ್ಚುಮರೆಯಿಲ್ಲ. ಎಫ್-22ರಲ್ಲಿ ಅದೇ ಬಾಯಿ ಚಪ್ಪಟೆ. ಎಫ್-35ರದು ದುಂಡಗಿದ್ದರೂ ಅಂಚಿಗೆ ಗರಗಸದ ಹಲ್ಲು ಕೊಟ್ಟಿದ್ದಾರೆ. ಸು-57ರ ಚಾಲಕನ ಗಾಜಿನ ಮುಂದೆ ಶಾಖ ಹುಡುಕುವ ಸಂವೇದಕ ಚೆಂಡಿನಂತೆ ಎದ್ದು ನಿಂತಿದೆ. ಹೆಚ್ಚುಕಡಿಮೆ ಅದೇ ಕೆಲಸದ್ದನ್ನು ಎಫ್-35ರಲ್ಲಿ ಮೂತಿಯ ಕೆಳಗೆ, ಮೂಲೆ ಮೂಲೆಯಾಗಿ ಕತ್ತರಿಸಿದ ಗಾಜಿನ ಹಿಂದೆ ಇಟ್ಟಿದ್ದಾರೆ. ಹಾಗೆಂದು ರಷ್ಯಾದವರಿಗೆ ವಿದ್ಯೆ ಬಾರದೆಂದಲ್ಲ. ಶಸ್ತ್ರಗಳನ್ನು ಅವರೂ ಹೊಟ್ಟೆಯೊಳಗೇ ಹೊರುತ್ತಾರೆ. ಎದುರು ಮೈಯನ್ನು ಕಾಪಾಡಿಕೊಂಡು, ಉಳಿದ ಕಡೆ ಚುರುಕಾಗಿ ತಿರುಗುವ ಶಕ್ತಿಗೆ ಬೆಲೆ ಕೊಟ್ಟಿದ್ದಾರೆ. ಸು-57 ರೂಪಿಸಿದ ಸುಖೋಯ್‌ನ ಪೇಟೆಂಟ್ ಪತ್ರದಲ್ಲೇ ರೇಡಾರ್ ಅಡ್ಡಛೇದ (ರೇಡಾರಿಗೆ ವಿಮಾನ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ) ಸರಾಸರಿ 0.1ರಿಂದ 1 ಚದರ ಮೀಟರ್ ಎಂದಿದೆ. ಅಮೆರಿಕದವರು ತಮ್ಮ ಅಂಕಿಯನ್ನು ಬಿಟ್ಟುಕೊಟ್ಟಿಲ್ಲ. ಗೋಲಿಯಷ್ಟು, ಗಾಲ್ಫ್ ಚೆಂಡಿನಷ್ಟು ಎಂಬ ಹೋಲಿಕೆಗಳು ಮಾತ್ರ ಓಡಾಡುತ್ತಿವೆ.

‘ಅದೃಶ್ಯ’ ಎಂದು ಬರೆಯುವ ಪತ್ರಿಕೆಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. 1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದವರು ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನವನ್ನು 1960ರ ದಶಕದ ಕ್ಷಿಪಣಿ ವ್ಯವಸ್ಥೆಯಿಂದ ಹೊಡೆದು ಕೆಡವಿದರು. ‘ಕ್ಷಮಿಸಿ, ಅದು ಅದೃಶ್ಯವೆಂದು ನಮಗೆ ಗೊತ್ತಿರಲಿಲ್ಲ’ ಎಂದು ಅಲ್ಲಿಯವರು ಭಿತ್ತಿಪತ್ರ ಅಂಟಿಸಿದರು. ಇನ್ನೊಂದು ಸಂಗತಿ: ಶಾಂತಿಕಾಲದಲ್ಲಿ ಹಾರುವಾಗ ಎಫ್-35ರ ಮೈಗೆ ಸಣ್ಣ ಗುಬಟುಗಳನ್ನು ಸಿಕ್ಕಿಸುತ್ತಾರೆ. ಲೂನೆಬರ್ಗ್ ಲೆನ್ಸ್ ಎಂದು ಅದರ ಹೆಸರು, ರೇಡಾರಿಗೆ ಚೆನ್ನಾಗಿ ಕಾಣಲೆಂದೇ ಇರುವುದು. ನಿಜವಾದ ಅಳತೆಯನ್ನು ಬೇರೆಯವರು ಹಿಡಿಯಬಾರದಲ್ಲ!

ನನ್ನ ಸೂಚನೆ ‘ಸುಳಿವು’. ಸುಳಿದು ಹೋದವನು ಬಿಟ್ಟುಹೋದದ್ದು ಸುಳಿವು. ‘ಸುಳಿವು ಕೊಡದೆ ಬಂದ’ ಎಂದು ಹಳ್ಳಿಯವರೂ ಆಡುತ್ತಾರೆ. ರೇಡಾರ್ ಸುಳಿವು, ಶಾಖದ ಸುಳಿವು, ಸದ್ದಿನ ಸುಳಿವು. ಮೂರನ್ನೂ ಅದು ಹೊರುತ್ತದೆ. ಹೆಚ್ಚು ಸುಳಿವು, ಕಡಿಮೆ ಸುಳಿವು ಎಂದರೆ ಯಾವ ಕಿವಿಗೂ ಮುಳ್ಳಾಗುವುದಿಲ್ಲ.

— ಬೆಂಗಳೂರಿನಿಂದ

*

ಗುಣಕ್ಕೆ ಹೆಸರು ಕೇಳಿದರೆ ಗುಣ ಇಲ್ಲದಿರುವುದಕ್ಕೆ ಹೆಸರು ಕೊಟ್ಟಿರಿ. ಸುಳಿವು ಇರುವುದು ಎಲ್ಲ ವಿಮಾನಕ್ಕೂ. ‘ಅಲ್ಪಸುಳಿವು’ ಎಂದರೆ ಸಂಸ್ಕೃತ-ಕನ್ನಡ ಬೆರೆತ ಅರಿಸಮಾಸ. ‘ಕಳ್ಳ’ ಬೇಡವಾದರೆ ‘ಮರೆ’ ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಶಕಟರೇಫದ ಮಱೆ, ತಮಿಳಿನಲ್ಲಿ ಮಱೈ. ಅಚ್ಚ ದ್ರಾವಿಡ. ‘ಮರೆವಿಮಾನ’.

— ಧಾರವಾಡದಿಂದ

*

‘ಮರೆವಿಮಾನ’ದ ‘ವಿಮಾನ’ ಯಾವ ದ್ರಾವಿಡ?

— ಶಿರಸಿಯಿಂದ

*

ಮರೆಯಾಗಬೇಕಾದರೆ ಮರದ ಹಿಂದೆಯೋ ಗೋಡೆಯ ಹಿಂದೆಯೋ ನಿಲ್ಲಬೇಕು. ಬಟ್ಟಬಯಲಿನಲ್ಲಿ ಹಾರುವ ವಿಮಾನಕ್ಕೆ ಮರೆ ಎಲ್ಲಿಂದ ತರುತ್ತೀರಿ? ಅರಿಸಮಾಸದ ಭಯವಿದ್ದರೆ ‘ಕಿರುಸುಳಿವು’ ಎನ್ನಿ.

— ಬೆಂಗಳೂರಿನಿಂದ

*

ನೀವೆಲ್ಲ ಮನೆ ಕಟ್ಟುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ‘ಸ್ಟೆಲ್ತ್’ ಎಂದೇ ಬರೆಯಿರಿ. ರೇಡಾರ್ ಎಂಬ ಪದವನ್ನು ಯಾರೂ ಪ್ರಶ್ನಿಸಲಿಲ್ಲ. ಅದು ಇಂಗ್ಲಿಷ್ ಮೊದಲಕ್ಷರಗಳನ್ನು ಪೋಣಿಸಿದ್ದು. ರಷ್ಯಾದವರು ‘ಮಾಲೊಜಮೆತ್ನೊಸ್ತ್’ ಎಂದು ತಮ್ಮದೇ ಪದ ಕಟ್ಟಿಕೊಂಡಿದ್ದಾರೆ, ‘ಗಮನಕ್ಕೆ ಬೀಳುವುದು ಕಡಿಮೆ’ ಎಂಬ ಅರ್ಥ. ಆದರೂ ಅವರ ಪತ್ರಿಕೆಗಳಲ್ಲಿ ‘ಸ್ಟೆಲ್ಸ್’ ಧಾರಾಳವಾಗಿ ಬರುತ್ತದೆ. ಅವರ ಭಾಷೆ ಅದರಿಂದ ಬಡವಾಗಲಿಲ್ಲ.

ಎರವಲಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಅಲೆಗಳು ಅಂಚಿಗೆ ತಾಗಿ ಹೇಗೆ ಚದುರುತ್ತವೆ ಎಂಬ ಗಣಿತವನ್ನು ಮಾಸ್ಕೋದಲ್ಲಿ 1962ರಲ್ಲಿ ಪುಸ್ತಕವಾಗಿ ಬರೆದವರು ಪ್ಯೋತ್ರ್ ಉಫಿಮ್ತ್ಸೆವ್. ಅಮೆರಿಕದ ವಾಯುಪಡೆ 1971ರಲ್ಲಿ ಅದನ್ನು ಇಂಗ್ಲಿಷಿಗೆ ಅನುವಾದಿಸಿತು. ಅಮೆರಿಕದ ವಿಮಾನ ಕಂಪನಿ ಲಾಕ್‌ಹೀಡ್‌ನ ಡೆನಿಸ್ ಓವರ್‌ಹೋಲ್ಸರ್ ಅದನ್ನು ಓದಿ ಲೆಕ್ಕ ಕಟ್ಟಿದರು, ಆ ಲೆಕ್ಕದಿಂದ ಎಫ್-117 ಬಂತು. ಹೆಸರಿಲ್ಲದ ಒಬ್ಬ ಅನುವಾದಕ ಕೂತು ಬರೆದ ಪುಟಗಳು ಇವು. ಪದ ಎಲ್ಲಿಯದು ಎಂದು ಜಗಳವಾಡುವವರು ಇದನ್ನು ನೆನೆಯಬೇಕು.

— ಮಂಗಳೂರಿನಿಂದ

*

ಇದು ನಮ್ಮ ಪರವಾದ ಸಾಕ್ಷಿ, ನಿಮ್ಮ ಪರವಾದುದಲ್ಲ. ಆ ಅನುವಾದಕ ರಷ್ಯನ್ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕೈ ತೊಳೆದುಕೊಂಡಿದ್ದರೆ ಯಾವ ಎಂಜಿನಿಯರ್ ಓದುತ್ತಿದ್ದ?

— ಧಾರವಾಡದಿಂದ

*

ಧಾರವಾಡದವರು ಈಗ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ದೇಶದ ಐದನೇ ತಲೆಮಾರಿನ ಯುದ್ಧವಿಮಾನ ಎಎಂಸಿಎ ರೂಪುಗೊಳ್ಳುತ್ತಿರುವುದು ಬೆಂಗಳೂರಿನಲ್ಲಿ. ಅದನ್ನು ಕಟ್ಟುವವರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಆಡುವವರು. ಅವರ ಮಕ್ಕಳು ‘ಅಪ್ಪಾ, ನೀನು ಏನು ಮಾಡುತ್ತೀಯಾ’ ಎಂದು ಕೇಳಿದಾಗ ಹೇಳಲು ಒಂದು ಪದ ಬೇಡವೇ?

— ಬೆಂಗಳೂರಿನಿಂದ

*

ಎಲ್ಲರಿಗೂ ಋಣಿ. ಪುಟ ಈಗಷ್ಟೇ ಕಳಿಸಿದೆ. ಮೊದಲ ಸಲ ‘ಸ್ಟೆಲ್ತ್’ ಎಂದು ಬರೆದು, ಅಲ್ಲಿಂದ ಮುಂದಕ್ಕೆ ‘ಸುಳಿವು’ ನಡೆಸಿದ್ದೇನೆ. ತೊಡಕಿನ ವಾಕ್ಯ ಹೀಗಾಯಿತು: ‘ಎದುರಿನಿಂದ ಸು-57 ರೇಡಾರಿಗೆ ಕೊಡುವ ಸುಳಿವು ಕಡಿಮೆಯೇ, ಹಿಂದಿನಿಂದ ಮಾತ್ರ ಎಫ್-22 ಕೊಡುವುದಕ್ಕಿಂತ ಬಹಳ ಹೆಚ್ಚು.’ ಬರೆದು ಮಗಳಿಗೆ ಓದಿ ಹೇಳಿದೆ, ಎಂಟನೇ ತರಗತಿ. ‘ಹಾಗಾದರೆ ಹಿಂದಿನಿಂದ ಹೋದರೆ ಸಿಕ್ಕಿಬೀಳುತ್ತದೆ’ ಎಂದಳು.

‘ಕಿರುಸುಳಿವು’ ಬಳಸಲು ಧೈರ್ಯ ಸಾಲಲಿಲ್ಲ. ತಲೆಬರಹ ‘ಯಾರ ಸುಳಿವು ಕಡಿಮೆ?’ ಎಂದಿದೆ. ‘ಅಡ್ಡಛೇದ’ವನ್ನು ಹಾಗೆಯೇ ಉಳಿಸಿಕೊಂಡೆ, ಭೌತಶಾಸ್ತ್ರದ ಪುಸ್ತಕದಲ್ಲಿ ಅದೇ ಇದೆ.

— ತುಮಕೂರಿನಿಂದ