ಮೇಯರ್ ಹೆಂಚರ್ಡ್ ಹಾಳಾಗಿದ್ದು ಫಾರ್ಫ್ರೇ ಇಂದಾನಾ?

ಹಳೇಪುಸ್ತಕ:
ಥಾಮಸ್ ಹಾರ್ಡಿದು 'ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್' (1886) ಈಗಷ್ಟೇ ಮುಗಿಸ್ದೆ. ಓದದೇ ಇರೋರು ಇಲ್ಲೇ ನಿಲ್ಸಿ, ಕಥೆ ಪೂರ್ತಿ ಹೇಳ್ಬಿಡ್ತೀನಿ. ಹುಲ್ಲು ಕಟ್ಟೋ ಕೂಲಿ ಹೆಂಚರ್ಡ್ ಕುಡಿದ ಅಮಲಲ್ಲಿ ಸಂತೇಲಿ ಹೆಂಡ್ತಿ ಮಗೂನ ಐದು ಗಿನಿಗೆ (ಹಳೇ ಇಂಗ್ಲಿಷ್ ದುಡ್ಡು) ಒಬ್ಬ ನಾವಿಕನಿಗೆ ಮಾರ್ಬಿಡ್ತಾನೆ, ಬೆಳಗ್ಗೆ ಎದ್ದು 21 ವರ್ಷ ಹೆಂಡ ಮುಟ್ಟಲ್ಲ ಅಂತ ಆಣೆ ಹಾಕ್ತಾನೆ, 18-19 ವರ್ಷ ಆದ್ಮೇಲೆ ನೋಡಿದ್ರೆ ಊರಿಗೇ ಮೇಯರ್, ದೊಡ್ಡ ಧಾನ್ಯದ ವ್ಯಾಪಾರಿ. ಸ್ಕಾಟ್ಲೆಂಡಿಂದ ಬಂದ ಫಾರ್ಫ್ರೇನ ಇವನೇ ಗೋಗರೆದು ಮ್ಯಾನೇಜರ್ ಮಾಡ್ಕೊತಾನೆ. ಕೊನೆಗೆ ವ್ಯಾಪಾರ, ಮನೆ, ಇವನು ಮದ್ವೆ ಆಗ್ಬೇಕಿದ್ದ ಲುಸೆಟ್ಟಾ, ಮೇಯರ್ ಪಟ್ಟ ಎಲ್ಲಾ ಆ ಹುಡುಗನ ಪಾಲು, ಇವನು ಅವನ ಹತ್ರಾನೇ ಹುಲ್ಲು ಕಟ್ಟೋ ಕೂಲಿ. ಫಾರ್ಫ್ರೇ ಒಂದು ಮೋಸಾನೂ ಮಾಡಲ್ಲ, ಆದ್ರೂ ನಂಗೆ ಅವನ ಮೇಲೇ ಸಿಟ್ಟು ಬಂತು. ನಿಮಗೂ ಹಾಗಾಯ್ತಾ?

ಜೋಳದರೊಟ್ಟಿ:
ಏಬಲ್ ವಿಟಲ್ ಅನ್ನೋ ಆಳು ಇದಾನಲ್ಲ, ಅವನನ್ನ ನೋಡಿ ಸಾರ್. ದಿನಾ ಲೇಟು ಅಂತ ಹೆಂಚರ್ಡ್ ಹೋಗಿ ಹಾಸಿಗೆಯಿಂದ ಎಬ್ಬಿಸಿ ಪ್ಯಾಂಟ್ ಹಾಕ್ಕೊಳಕ್ಕೂ ಬಿಡ್ದೆ ಕೆಲ್ಸಕ್ಕೆ ಅಟ್ಟುತ್ತಾನೆ, ಫಾರ್ಫ್ರೇ ಬಂದು ಮನೆಗೆ ಹೋಗಿ ಹಾಕ್ಕೊಂಡು ಬಾ ಅಂತಾನೆ. ಎಲ್ಲಾ ಆಳುಗಳ ಮುಂದೆ! ಯಜಮಾನಿಕೆ ಕೈ ಬದಲಾಗಿದ್ದು ಅಲ್ಲೇ, ದಿವಾಳಿ ಎಲ್ಲಾ ಆಮೇಲಿನ ಮಾತು. ಮುಂದೆ ಫಾರ್ಫ್ರೇ ಕೈಕೆಳಗೆ ವಿಟಲ್‌ಗೆ ವಾರಕ್ಕೆ ಒಂದು ಶಿಲಿಂಗ್ ಕಮ್ಮಿ, ಕೆಲಸ ಜಾಸ್ತಿ, ಆದ್ರೂ ಭಯ ಇಲ್ವಲ್ಲ ಅಂತ ಖುಷಿಯಾಗೇ ಇರ್ತಾನೆ. ಅಂಥವನೇ ಕಡೇಲಿ ಊರು ಬಿಟ್ಟ ಹೆಂಚರ್ಡ್ ಹಿಂದೆ, ವಾಪಸ್ ಹೋಗು ಅಂತ ಗದರಿಸಿದ್ರೂ ಬಿಡ್ದೆ ಹೋಗ್ತಾನೆ, ಯಾಕಂದ್ರೆ ಅವನ ತಾಯಿಗೆ ಕಷ್ಟಕಾಲದಲ್ಲಿ ಕಲ್ಲಿದ್ದಲು ಕಳಿಸ್ತಿದ್ದೋನು ಹೆಂಚರ್ಡ್.

ಕಿಟಕಿಪಕ್ಕ:
ಬರೀ ಗಂಡಸರ ಜಗಳಾನೇ ಹೇಳ್ತಿದೀರಲ್ಲ. ಲುಸೆಟ್ಟಾ ಜರ್ಸಿ ದ್ವೀಪದಲ್ಲಿ ಕೈ ಖಾಲಿ ಇದ್ದಾಗ, ಊರೋರ ಬಾಯಿಗೆ ಬಿದ್ದಾಗ ಹೆಂಚರ್ಡ್ ಮದ್ವೆ ಆದ್ರೆ ಸಾಕು ಅಂತಿದ್ಲು, ಚಿಕ್ಕಮ್ಮನ ಆಸ್ತಿ ಬಂದು ಕ್ಯಾಸ್ಟರ್‌ಬ್ರಿಜ್‌ನಲ್ಲಿ ದೊಡ್ಡ ಮನೆ ಹಿಡಿದ ಮೇಲೆ ಅವನ ಒರಟುತನ ಎಲ್ಲಾ ಕಣ್ಣಿಗೆ ಬೀಳುತ್ತೆ 😀 ನಾನು ತಪ್ಪು ಅನ್ನಲ್ಲ, ಆಯ್ಕೆ ಅಂತ ಒಂದು ಅವಳಿಗೆ ಸಿಕ್ಕಿದ್ದೇ ಆಗ. ಪಾಪ ಅನ್ಸೋದು ಎಲಿಜಬೆತ್ ಜೇನ್, ಮಾರಿದ್ದ ಹೆಂಡ್ತಿ ಜತೆ ವಾಪಸ್ ಬಂದ ಹುಡುಗಿ. ಸ್ವಂತ ಮಗಳು ಅಂದ್ಕೊಂಡು ತನ್ನ ಹೆಸರು ಇಟ್ಕೋ ಅಂತಾನೆ ಹೆಂಚರ್ಡ್, ಆಮೇಲೆ ಹೆಂಡ್ತಿ ಸಾಯೋ ಮುಂಚೆ ಬರೆದಿಟ್ಟ ಪತ್ರ ಓದಿ ಇವಳು ಆ ನಾವಿಕನ ಮಗಳು ಅಂತ ಗೊತ್ತಾಗುತ್ತೆ. ಅಲ್ಲಿಂದ ಅವಳು ಮಾಡಿದ್ದೆಲ್ಲಾ ತಪ್ಪು, ಹ್ಯಾಂಡ್‌ರೈಟಿಂಗ್ ಕೂಡ. ಮೇಯರ್ ಮಗಳು ಕೆಲಸದವಳಿಗೆ ತಿಂಡಿ ತಂದುಕೊಟ್ಲು ಅಂತ ಬೈಗುಳ. ತಾನು ಯಾರು, ಎಲ್ಲಿಂದ ಬಂದೋನು ಅನ್ನೋದು ಮರೆತೇಹೋಯ್ತಾ ಮಾರಾಯಂಗೆ?

ಮಂಡಿಪೇಟೆ:
ಫಾರ್ಫ್ರೇ ಯಾಕೆ ಬೈತೀರಾ, ಫಸಲು ಕೆಡುತ್ತೆ ಅಂತ ಹವಾಮಾನದ ಭವಿಷ್ಯ ಹೇಳೋನ ಮಾತು ಕೇಳಿ ರಾಶಿ ರಾಶಿ ಧಾನ್ಯ ಕೊಂಡೋನು ಹೆಂಚರ್ಡ್, ಬಿಸಿಲು ಬಂತು, ರೇಟು ಬಿತ್ತು, ಹೆದರಿ ಮಾರಿದ, ಮಾರಿ ಮುಗಿಸೋ ಹೊತ್ತಿಗೆ ಮತ್ತೆ ಹವಾ ಕೆಟ್ಟಿತು. ಕಮ್ಮಿಗೆ ಕೊಂಡಿದ್ದ ಫಾರ್ಫ್ರೇ ದುಡ್ಡು ಮಾಡ್ದ, ವ್ಯಾಪಾರ ಅಂದ್ರೆ ಅದೇ. ಮರ್ಯಾದೆ ಹೋಗಿದ್ದು ಮಾತ್ರ ಬೇರೆ ಥರ. ಆ ಸಂತೇಲಿ ಗಂಜಿ ಮಾರ್ತಿದ್ದ ಮುದುಕಿ ಕೋರ್ಟಲ್ಲಿ ಜಡ್ಜ್ ಆಗಿ ಕೂತಿದ್ದ ಇವನ ಮುಂದೇನೇ ನಿಂತು ಹಳೇದೆಲ್ಲಾ ಬಿಚ್ಚಿಡ್ತಾಳೆ, ಕ್ಲರ್ಕು ಕಟ್ಟುಕಥೆ ಅಂತಾನೆ, ಇವನೂ ಹೂಂ ಅಂದಿದ್ರೆ ಮುಗೀತಿತ್ತು, ನಿಜ ಅಂದ್ಬಿಡ್ತಾನೆ. ಅಲ್ಲಿ ಮಾತ್ರ ಅವನಿಗೊಂದು ಸಲಾಂ.

ಹಳೇಪುಸ್ತಕ:
ವ್ಯಾಪಾರದ ಮಾತು ಒಪ್ತೀನಿ ಸಾರ್. ಆದ್ರೆ ಕೊನೆ ಅಧ್ಯಾಯ ಇನ್ನೊಂದ್ಸಲ ನೋಡಿ. ಲುಸೆಟ್ಟಾ ಸತ್ತ ಮೇಲೆ ಫಾರ್ಫ್ರೇ ಎಲಿಜಬೆತ್‌ನ ಮದ್ವೆ ಆಗ್ತಾನೆ, ಆಮೇಲೆ ಇಬ್ರೂ ಗಾಡೀಲಿ ಹೆಂಚರ್ಡ್‌ನ ಹುಡುಕ್ತಾ ಹೋಗ್ತಾರೆ, ಕತ್ತಲಾಗ್ತಾ ಬರುತ್ತೆ, ಇನ್ನೂ ಮುಂದೆ ಹೋದ್ರೆ ರಾತ್ರಿ ಎಲ್ಲಾದ್ರೂ ತಂಗಬೇಕು, ಒಂದು ಸಾವರಿನ್ (ಒಂದು ಪೌಂಡಿನ ಚಿನ್ನದ ನಾಣ್ಯ) ಮುರಿಯುತ್ತೆ ಅಂತಾನೆ ಫಾರ್ಫ್ರೇ. ಊರಿನ ಮೇಯರು! ಎಲಿಜಬೆತ್ತೂ ಯೋಚ್ನೆ ಮಾಡಿ ಸರಿ ಅಂತಾಳೆ, ಅದಕ್ಕೆ ಏನಂತೀರಾ?