ದಿನಾ ನೀರು ಹಾಕಿದ್ರೂ ಹೊಸ ಗಿಡಗಳ ಎಲೆ ಸುಡ್ತಿದೆ, ಏನ್ ಮಾಡ್ಲಿ?

ಗುಡ್ಡದಮನೆ:
ನಮಸ್ಕಾರ ಎಲ್ರಿಗೂ. ನಮ್ದು ರಿಪ್ಪನ್‌ಪೇಟೆ ಹತ್ರ, ತೋಟದ ಮೇಲ್ಗಡೆ ಸ್ವಲ್ಪ ಖಾಲಿ ಜಾಗ ಇತ್ತು, ಪೂರ್ತಿ ಜಂಬಿಟ್ಟಿಗೆ ನೆಲ. ಅಕ್ಟೋಬರಲ್ಲಿ ನರ್ಸರಿಯಿಂದ ತಂದು 12 ಗಿಡ ನೆಟ್ಟೆ, ಸುರಹೊನ್ನೆ 4, ಉಪ್ಪಾಗೆ 4, ಬಕುಳ 2, ಹಲಸು 2. ಶಿವರಾತ್ರಿ ತನಕ ಚೆನ್ನಾಗೇ ಇದ್ವು, ಈಗ ಎಲೆ ತುದಿಯಿಂದ ಕಂದು ಆಗ್ತಾ ಒಳಗೆ ಬರ್ತಿದೆ, ಸುರಹೊನ್ನೆದಂತೂ ಹಪ್ಪಳದ ಥರ ಮುರೀತದೆ. ದಿನಾ ಸಂಜೆ ಒಂದೊಂದು ಚೊಂಬು ನೀರು ತಪ್ಪದೆ ಹಾಕ್ತಿದೀನಿ. ಮನೇಲಿ ಅಮ್ಮ ನೀರು ಜಾಸ್ತಿ ಆಯ್ತು ಅಂತಾರೆ, ಪಕ್ಕದ ಮನೆಯವ್ರು ಸಾಕಾಗಿಲ್ಲ ಅಂತಾರೆ. ಯಾವ್ದು ಸರಿ?

ಸಾಗರದ_ಹಳೇ_ತೋಟ:
ತಮ್ಮಾ, ನಾಳೆ ಬೆಳಿಗ್ಗೆ ಒಂದ್ ಕೆಲ್ಸ ಮಾಡು. ಬುಡದಿಂದ ಅರ್ಧ ಅಡಿ ದೂರದಲ್ಲಿ ಒಂದು ಗೇಣು ಆಳ ಮಣ್ಣು ಕೆದಕಿ ಬೆರಳು ಹಾಕಿ ನೋಡು, ಆಮೇಲೆ ನರ್ಸರಿ ಕೊಟ್ಟೆ (ಪ್ಲಾಸ್ಟಿಕ್ ಚೀಲ) ಒಳಗಿಂದ ಬಂದ ಮಣ್ಣಿನ ಉಂಡೆ ಇರ್ತದಲ್ಲ, ಅದಕ್ಕೂ ಒಂದು ತೆಳು ಕಡ್ಡಿ ಚುಚ್ಚಿ ನೋಡು. ಒಂದು ಚೊಂಬು ನೀರು ಈ ಬಿಸಿಲಲ್ಲಿ ಮೇಲಿನ ಎರಡು ಇಂಚು ತೋಯಿಸಿ ಆವಿ ಆಗಿ ಹೋಗ್ತದೆ, ಬೇರಿಗೆ ಸಿಗೋದೇ ಇಲ್ಲ. ಬೇರು ನೀರು ಹುಡುಕ್ತಾ ಮೇಲಕ್ಕೇ ಬರ್ತದೆ, ಅಲ್ಲಿ ಮಣ್ಣು ಕಾದು ಸುಟ್ಕೊಳ್ತದೆ. ನೀರು ಜಾಸ್ತಿ ಆದ್ರೆ ಬೇರೆ ಥರ ಇರ್ತದೆ, ಕೆಳಗಿನ ಎಲೆ ಹಳದಿಯಾಗಿ ಉದುರ್ತದೆ, ಮಣ್ಣು ಕೊಳೆತ ವಾಸನೆ ಬರ್ತದೆ.

ತೀರ್ಥಹಳ್ಳಿ_ಮಳೆಗಾಲ:
ನೀರಿನ ಮಾತು ಸರಿ, ಆದ್ರೆ ಯಾರೂ ನೆರಳಿನ ಬಗ್ಗೆ ಕೇಳ್ಲೇ ಇಲ್ಲ. ಸುರಹೊನ್ನೆ, ಉಪ್ಪಾಗೆ ಎಲ್ಲ ಕಾಡಲ್ಲಿ ದೊಡ್ಡ ಮರಗಳ ಕೆಳಗೆ ಹುಟ್ಟಿ ಬೆಳೆಯೋ ಗಿಡ, ಚಿಕ್ಕದ್ರಲ್ಲಿ ಅವಕ್ಕೆ ನೆತ್ತಿ ಮೇಲೆ ಬಿಸಿಲು ಗೊತ್ತೇ ಇರಲ್ಲ. ನೀವು ಬೋಳುಗುಡ್ಡದ ಮೇಲೆ ನಿಲ್ಸಿದೀರಿ. ಬೇಸಿಗೇಲಿ ಎಲೆ ಉದುರಿಸಿ ಕೂರೋ ಸಾಗುವಾನಿ ಥರ ಅಲ್ಲ ಇವು, ವರ್ಷ ಪೂರ್ತಿ ಎಲೆ ಇಟ್ಕೊಂಡೇ ಇರ್ಬೇಕು, ಅಂದ್ರೆ ನೀರಿನ ಖರ್ಚು ನಿಲ್ಲೋದೇ ಇಲ್ಲ. ಪಡುವಣ ಕಡೆ ಎರಡು ಗೂಟ ಹೊಡ್ದು ಅಡಿಕೆ ಸೋಗೆ ಕಟ್ಟಿ, ಮಧ್ಯಾಹ್ನದ ಮೇಲಿನ ಬಿಸಿಲು ತಪ್ಪಿದ್ರೆ ಸಾಕು. ಎಲ್ಲಾ ಕಡೆ ಮುಚ್ಬೇಡಿ, ಗಾಳಿ ಆಡ್ಬೇಕು.

ಗುಡ್ಡದಮನೆ:
ಕೆದಕಿ ನೋಡ್ದೆ. ನಾಚಿಕೆ ಆಯ್ತು. ಪಾತಿ ಮಣ್ಣು ತಂಪಿದೆ, ಆದ್ರೆ ಕೊಟ್ಟೆ ಉಂಡೆ ಒಳಗೆ ಕಡ್ಡಿನೇ ಇಳೀಲಿಲ್ಲ, ಇಟ್ಟಿಗೆ ಥರ ಒಣಗಿದೆ! ಸುತ್ತ ಬಿರುಕು ಬಿಟ್ಟಿದೆ, ಹಾಕಿದ ನೀರೆಲ್ಲ ಆ ಬಿರುಕಲ್ಲೇ ಕೆಳಗೆ ಜಾರಿ ಹೋಗಿರ್ಬೇಕು.

ಸಾಗರದ_ಹಳೇ_ತೋಟ:
ಅದೇ ರೋಗ ನೋಡು. ಒಂದು ಸಲಕ್ಕೆ ಸುರೀಬೇಡ, ಬುಡದ ಮೇಲೆ ನಿಧಾನ ಬಿಟ್ಟು ಅರ್ಧ ಗಂಟೆ ಕಾದು ಮತ್ತೆ ಬಿಡು, ಉಂಡೆ ಒಳಗೆ ತೋಯ್ದು ಉಬ್ಬೋ ತನಕ. ಮೇಲೆ ಆ ಬಿರುಕು ಮಣ್ಣು ತುಂಬಿ ಮೆಟ್ಟು. ಆಮೇಲೆ ನಾನು ವಾರಕ್ಕೆ ಎರಡು ಸಲ, ಗಿಡಕ್ಕೆ 10 ಲೀಟರ್ ಲೆಕ್ಕ ಇಟ್ಕೊಂಡಿದೀನಿ, ಬೆಳಿಗ್ಗೆ ಹೊತ್ತು. ಡ್ರಿಪ್ ಇಲ್ದಿದ್ರೆ ಹಳೇ 20 ಲೀಟರ್ ಕ್ಯಾನ್ ತಳಕ್ಕೆ ಸೂಜಿ ಕಾಯಿಸಿ ಒಂದೇ ಒಂದು ತೂತು ಹಾಕಿ ಬುಡದ ಹತ್ರ ಇಡು, ಹನಿ ಹನಿಯಾಗಿ ಇಳೀತದೆ. ಯೂರಿಯಾ ಗೀರಿಯಾ ಈಗ ಹತ್ರಾನೂ ತರ್ಬೇಡ.

ಒರಲೆ_ಕಾಟ:
ಬುಡದ ಸುತ್ತ ದರಗು (ಒಣ ಎಲೆ) ಹೊದಿಸೋದು ಮರೀಬೇಡಿ, ನಾಲ್ಕು ಇಂಚು ದಪ್ಪ. ಆದ್ರೆ ಕಾಂಡಕ್ಕೆ ತಾಗಿಸ್ಬೇಡಿ, ನಾನು ಹೋದ ವರ್ಷ ಪ್ರೀತಿಗೆ ಬುಡದವರೆಗೂ ಗುಡ್ಡೆ ಹಾಕಿದ್ದೆ, ಒರಲೆ ಒಳಗಿಂದ ತೊಗಟೆ ಸುತ್ತ ತಿಂದು ಎರಡು ಹಲಸು ಹೋಯ್ತು, ನಾನು ಬಿಸಿಲಿಗೆ ಒಣಗ್ತು ಅಂದ್ಕೊಂಡು ಇನ್ನೂ ನೀರು ಹಾಕ್ತಾ ಕೂತಿದ್ದೆ 😀 ಒಂದು ಗೇಣು ಬಿಟ್ಟು ಹೊದಿಸಿ.

ಗುಡ್ಡದಮನೆ:
ಸೋಗೆ ಕಟ್ಟಾಯ್ತು. ಒಂದು ಸುರಹೊನ್ನೇಲಿ ಒಂದೂ ಹಸಿರು ಎಲೆ ಇಲ್ಲ, ಕಿತ್ತು ಬಿಡ್ಲಾ?

ತೀರ್ಥಹಳ್ಳಿ_ಮಳೆಗಾಲ:
ಉಗುರಲ್ಲಿ ತೊಗಟೆ ಗೀರಿ. ಒಳಗೆ ಹಸಿರಿದ್ರೆ ಜೀವ ಇದೆ, ಕತ್ತರಿ ಹಾಕ್ದೆ ಮೃಗಶಿರಾ ಮಳೆ ತನಕ ಹಾಗೇ ಇಡಿ. ಹೊಸ ಚಿಗುರು ಕೆಂಪಗೆ ಜೋತು ಬಿದ್ರೆ ಗಾಬರಿ ಆಗ್ಬೇಡಿ, ಮಾವಿನ ಚಿಗುರು ನೋಡಿದೀರಲ್ಲ, ಹಾಗೇ.

ಗುಡ್ಡದಮನೆ:
ಗೀರಿದೆ. ಬುಡದ ಹತ್ರ ಮಾತ್ರ ಹಸಿರಿದೆ. ಕ್ಯಾನ್ ಇಟ್ಟಿದೀನಿ.