ಪದಚರ್ಚೆ: ಉಗ್ಗು, ತೊದಲು, ಮಾತು ಬಿದ್ದುಹೋಗುವುದು – ಮೂರಕ್ಕೂ ‘ವಾಕ್ ದೋಷ’ ಸಾಕೇ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆ ಕಡೆಯ ಆಶಾ ಕಾರ್ಯಕರ್ತೆಯರಿಗೂ ಶಿಕ್ಷಕರಿಗೂ ಕೊಡಲು ಎರಡು ಪುಟದ ಕೈಪಿಡಿಯೊಂದು ತಯಾರಾಗುತ್ತಿದೆ. ಕರಡಿನ ತುಂಬ ‘ವಾಕ್ ದೋಷ’ ಎಂದೇ ಇದೆ. ಈ ಪದ ಬೇಡ ಎಂಬುದು ನಮ್ಮ ಅಭಿಪ್ರಾಯ. ದೋಷ ಎಂದ ಕೂಡಲೇ ನಮ್ಮ ಜನಕ್ಕೆ ನಾಗದೋಷ, ದೃಷ್ಟಿದೋಷ ನೆನಪಾಗಿ ಪರಿಹಾರದ ಕಡೆ ಹೊರಡುತ್ತಾರೆ. ಜೊತೆಗೆ, ಆಡುಮಾತು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿರುವ ಮೂರು ಸಂಗತಿಗಳನ್ನು ಈ ಪದ ಒಂದೇ ಮಾಡಿಬಿಡುತ್ತದೆ. ಮೂರಕ್ಕೂ ಬೇಕಾದ ನೆರವು ಬೇರೆ.

ಉಗ್ಗು: ಏನು ಹೇಳಬೇಕೆಂಬುದು ಗೊತ್ತಿರುತ್ತದೆ, ಹೊರಬರುವಾಗ ತಡೆಯುತ್ತದೆ. ‘ಬ-ಬ-ಬಸ್ಸು’ ಎಂದು ಮರುಕಳಿಸಬಹುದು, ‘ಸ್‌ಸ್‌ಸ್ಸಾರ್’ ಎಂದು ಎಳೆಯಬಹುದು, ಅಥವಾ ಬಾಯಿ ತೆರೆದಿದ್ದೂ ದನಿಯೇ ಹೊರಡದಿರಬಹುದು. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿಯುತ್ತದೆ. ಹೆದರಿಕೆಯಿಂದ ಬಂದದ್ದಲ್ಲ, ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಹೋಗುವುದೂ ಇಲ್ಲ. ‘ನಿಧಾನ ಮಾತಾಡು’, ‘ಉಸಿರು ಎಳ್ಕೊಂಡು ಹೇಳು’ ಎಂಬ ಸಲಹೆ ಬಿಗಿತ ಹೆಚ್ಚಿಸುತ್ತದೆ. ನಿಧಾನ ಮಾಡಬೇಕಾದವರು ಕೇಳುವವರು. ಪದವನ್ನು ತಾವೇ ಮುಗಿಸಿಕೊಡಬಾರದು. ತನ್ನ ಹೆಸರು ಹೇಳುವುದೇ ಹಲವರಿಗೆ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಬದಲಿ ಪದ ಹುಡುಕಲಾಗದು. ಆದ್ದರಿಂದ ಹಾಜರಿ ಕೂಗುವಾಗ ಕೈಯೆತ್ತಿದರೂ ಸಾಕು ಎಂದು ಇಡೀ ತರಗತಿಗೆ ಹೇಳಿಬಿಡುವುದು ಒಳ್ಳೆಯದು. ಒಬ್ಬನಿಗೆ ಮಾತ್ರ ರಿಯಾಯಿತಿ ಕೊಟ್ಟರೆ ಎಲ್ಲರ ಕಣ್ಣು ಅವನ ಮೇಲೆ. ಉಗ್ಗು 6 ತಿಂಗಳು ದಾಟಿದರೆ, ಮನೆಯಲ್ಲಿ ಬೇರೆಯವರಿಗೂ ಇದ್ದರೆ, ಮಗು ಮುಖ ಬಿಗಿಹಿಡಿದರೆ ಅಥವಾ ಮಾತನ್ನೇ ತಪ್ಪಿಸತೊಡಗಿದರೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು.

ತೊದಲು: ಉಚ್ಚಾರದ ಸಂಗತಿ. ‘ಕಾಗೆ’ ‘ತಾಗೆ’ಯಾಗುತ್ತದೆ, ‘ರಾಮ’ ‘ಲಾಮ’ನಾಗುತ್ತಾನೆ. ರಕಾರ ತಡವಾಗಿಯೇ ಬರುವ ಅಕ್ಷರ. 4 ವರ್ಷವಾದರೂ ಹೊರಗಿನವರಿಗೆ ಮಾತು ತಿಳಿಯದಿದ್ದರೆ ಮೊದಲು ಆಗಬೇಕಾದ್ದು ಕಿವಿ ಪರೀಕ್ಷೆ. ಹಾಗೆಂದು ಹಳ್ಳಿಯ ಮಗು ‘ಹಾಲು’ ಬದಲು ‘ಆಲು’ ಎಂದರೆ ಅದು ತೊದಲಲ್ಲ, ಮನೆಯ ನುಡಿ. ಇದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲೇ ಹಾಕಬೇಕು.

‘ತೊದಲು’ ಪದದಲ್ಲಿ ಒಂದು ಅಪಾಯವಿದೆ. ದೊಡ್ಡವರ ಮಾತು ದಿಢೀರನೆ ತೊದಲಿದರೆ ‘ಸುಸ್ತಾಗಿರಬೇಕು, ಮಲಗಲಿ’ ಎಂದುಬಿಡುತ್ತಾರೆ. ಅದು ಲಕ್ವಾದ (ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು) ಲಕ್ಷಣವಿರಬಹುದು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಆಗಬೇಕು; ಅದಕ್ಕೂ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ತಕ್ಷಣ 108ಕ್ಕೆ ಕರೆ ಮಾಡಬೇಕು.

ಮಾತು ಬಿದ್ದುಹೋಗುವುದು: ವೈದ್ಯರು ಅಫೇಸಿಯಾ ಎನ್ನುತ್ತಾರೆ. ಹೆಚ್ಚಾಗಿ ಲಕ್ವಾದಿಂದ ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬರುತ್ತದೆ. ಬುದ್ಧಿ ಹೋಗಿಲ್ಲ, ಪದ ಸಿಗುತ್ತಿಲ್ಲ; ಕೆಲವರಿಗೆ ಕೇಳಿದ ಮಾತು ಅರ್ಥವಾಗುವುದೂ ಕಷ್ಟ. ‘ಬಾಯಲ್ಲಿ ಬರದಿದ್ದರೆ ಬರೆದು ತೋರಿಸಿ’ ಎಂದು ಸ್ಲೇಟು ಕೊಡುವುದು ಎಷ್ಟೋ ಮನೆಗಳಲ್ಲಿ ಆಗುವ ಕೆಲಸ. ಸಾಮಾನ್ಯವಾಗಿ ಬರಹಕ್ಕೂ ಅದೇ ಪೆಟ್ಟು ಬಿದ್ದಿರುವುದರಿಂದ ಅದೂ ಸಾಗದೆ ಕಣ್ಣೀರು ಬರುತ್ತದೆ. ಒಂದು, ಎರಡು, ಮೂರು ಎಂದು ಎಣಿಸುವುದು, ಬಾಯಿಪಾಠದ ವಚನ ಕೆಲವೊಮ್ಮೆ ಸಲೀಸಾಗಿ ಬರುತ್ತವೆ. ಅದನ್ನು ಕೇಳಿ ‘ಬೇಕಂತಲೇ ಮಾತಾಡ್ತಿಲ್ಲ’ ಎನ್ನಬಾರದು.

ಟಿವಿ ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ. ‘ಊಟಕ್ಕೆ ಏನ್ ಮಾಡ್ಲಿ?’ ಬೇಡ, ‘ಮುದ್ದೆನೋ, ರೊಟ್ಟಿನೋ?’ ಎಂದು ಎರಡನ್ನೂ ತೋರಿಸಿ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ‘ಹೂಂ’ ಮತ್ತು ‘ಊಹೂಂ’ ನಂಬಬೇಡಿ. ನಾಲಿಗೆ ಹೊರಳದವರ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ, ಅಫೇಸಿಯಾದಲ್ಲಿ ಅದಲುಬದಲೂ ಆಗುತ್ತವೆ. ✓ ಮತ್ತು ✗ ಬರೆದ ಎರಡು ಚೀಟಿ ಇಟ್ಟು ಬೆರಳಿಡಲು ಹೇಳಿ, ಉತ್ತರವನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಚಿತ್ರದ ಹಾಳೆಯಾದರೆ ಎ4 ಅಳತೆಯಲ್ಲಿ 12 ಚಿತ್ರ ಸಾಕು: ನೀರು, ನೋವು, ಬಚ್ಚಲು ಹೀಗೆ. ‘ಇದ್ಯಾವುದೂ ಅಲ್ಲ’ ಎಂಬ ಒಂದು ಚೌಕ ಇರಲೇಬೇಕು, ಇಲ್ಲದಿದ್ದರೆ ಸುಮ್ಮನೆ ಯಾವುದನ್ನೋ ಮುಟ್ಟುತ್ತಾರೆ. ಬಲಗೈ ಸೋತಿರುವುದೇ ಹೆಚ್ಚು, ಹಾಳೆ ಎಡಗೈಗೆ ಸಿಗುವಂತಿರಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ‘ವಾಕ್ ಮತ್ತು ಭಾಷಾ ವೈಕಲ್ಯ’ ಎಂಬ ಪ್ರತ್ಯೇಕ ವರ್ಗವಿದೆ. ಅಫೇಸಿಯಾ ಅದರಡಿ ಹೆಸರಿಸಿದ ಸ್ಥಿತಿ. ಪ್ರಮಾಣಪತ್ರದ ಮಾತು ಬಂದಾಗ ಕಾಯ್ದೆಯ ಪದವನ್ನೇ ಬಳಸೋಣ, ಮಿಕ್ಕೆಡೆ ಜನರ ಪದ. ‘ಮೂಗ’ ಎಲ್ಲೂ ಬೇಡ.

ಈಗ ಪ್ರಶ್ನೆ. ಉಗ್ಗಿನಲ್ಲಿ ದನಿಯೇ ಹೊರಡದೆ ನಿಲ್ಲುವ ಆ ಕ್ಷಣಕ್ಕೆ ಏನನ್ನುವುದು? ‘ಗಂಟಲು ಕಟ್ಟುವುದು’ ಎಂದರೆ ನೆಗಡಿಯಾಯಿತು, ‘ಬಾಯಿ ಕಟ್ಟುವುದು’ ಪಥ್ಯವಾಯಿತು. ‘ಬಿಕ್ಕಲು’ ಎಂಬ ಪದವಿದೆ, ಆದರೆ ಈಗಿನವರ ಕಿವಿಗೆ ಬಿಕ್ಕಳಿಕೆಯೇ ಕೇಳಿಸುತ್ತದೆ. ಸದ್ಯಕ್ಕೆ ‘ಮಾತು ಸಿಕ್ಕಿಕೊಳ್ಳುವುದು’ ಎಂದಿಟ್ಟಿದ್ದೇವೆ. ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ? ಪದದ ಜೊತೆ ಅದು ಬರುವ ಒಂದು ಪೂರ್ತಿ ವಾಕ್ಯವನ್ನೂ, ಬೈಗುಳವಾಗಿ ಬಳಕೆಯಿದ್ದರೆ ಅದನ್ನೂ ಬರೆದು ಕಳಿಸಿ.